ಪಿಕಪ್ ಗೊತ್ತು, ಪಿಕ್ ಅಪ್ ಗೊತ್ತಾ?

ಕೋಲಾರದ ಕಡೆ ಪಿಕಪ್ ಅಂದರೆ ಮೊದಲು ನೆನಪಿಗೆ ಬರುವುದು ಗಾಡಿ. ಸೀಸನ್‌ನಲ್ಲಿ ಎಪಿಎಂಸಿ ಯಾರ್ಡಿನ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆಯಿಂದ ಟೊಮೆಟೊ ಬಾಕ್ಸ್ ಪೇರಿಸಿಕೊಂಡ ಪಿಕಪ್‌ಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಗಾಡಿ ಒಂದೇ ಅಲ್ಲ. ನರಸಾಪುರ, ವೇಮಗಲ್ ಫ್ಯಾಕ್ಟರಿಗಳಿಗೆ ಶಿಫ್ಟ್‌ಗೆ ಹೋಗುವವರಿಗೆ ‘ಪಿಕಪ್ ಪಾಯಿಂಟ್’ ಇದೆ. ಹಳೇ ಬೈಕಿಗೆ ‘ಪಿಕಪ್ ಇಲ್ಲ’. ಮದುವೆಗೆ ಬರುವ ಬೆಂಗಳೂರಿನ ನೆಂಟರಿಗೆ ‘ಪಿಕಪ್ ಡ್ರಾಪ್’ ನೋಡಿಕೊಳ್ಳಬೇಕು. ಅಷ್ಟರಲ್ಲಿ ಭಾವ ಫೋನ್ ‘ಪಿಕ್ ಮಾಡ್ತಿಲ್ಲ’.

ಇಷ್ಟೆಲ್ಲ ದಿನಾ ಬಾಯಲ್ಲಿ ಆಡುವ ನಮಗೆ, ಅದೇ ಮಾತು ಇಂಗ್ಲಿಷ್ ವಾಕ್ಯದೊಳಗೆ ಕ್ರಿಯಾಪದವಾಗಿ ಬಂದರೆ ಗೊಂದಲ ಶುರು. ‘ಶಿ ಪಿಕ್ಡ್ ಅಪ್ ತೆಲುಗು ಇನ್ ಸಿಕ್ಸ್ ಮಂತ್ಸ್’ ಅಂತ ಯಾರೋ ಬರೆದಿರುತ್ತಾರೆ. ತೆಲುಗನ್ನು ಎತ್ತಿಕೊಳ್ಳುವುದು ಹೇಗೆ? ‘ಬಿಸಿನೆಸ್ ಈಸ್ ಪಿಕಿಂಗ್ ಅಪ್’ ಅನ್ನುತ್ತಾರೆ. ವ್ಯಾಪಾರ ಯಾರನ್ನು ಎತ್ತಿಕೊಳ್ಳುತ್ತಿದೆ? ಇಂಟರ್‌ವ್ಯೂನಲ್ಲಿ ‘ಯು ವಿಲ್ ಪಿಕ್ ಇಟ್ ಅಪ್’ ಅಂದರೆ ಅದು ಹೊಗಳಿಕೆಯೋ, ಬೈಗುಳವೋ, ಕೆಲಸ ಸಿಕ್ಕಿತು ಅಂತಲೋ?

ನಡೆದದ್ದು ಇಷ್ಟೇ. ನಾವು ಇಂಗ್ಲಿಷಿನಿಂದ ನಾಮಪದವನ್ನು ತಂದುಕೊಂಡೆವು, ಕ್ರಿಯಾಪದವನ್ನು ಅಲ್ಲೇ ಬಿಟ್ಟೆವು. ಪಿಕಪ್ ನಮ್ಮದಾಯಿತು, ಪಿಕ್ ಅಪ್ ಆಗಲಿಲ್ಲ. ಈ ಕ್ರಿಯಾಪದದಲ್ಲಿ ನಿಜವಾಗಿ ಕಷ್ಟದ ವಿಷಯ ಎರಡೇ. ಒಂದು, ಇಷ್ಟೊಂದು ಅರ್ಥಗಳು ಎಲ್ಲಿಂದ ಹುಟ್ಟುತ್ತವೆ ಅನ್ನೋದು. ಇನ್ನೊಂದು, ಎತ್ತಿಕೊಳ್ಳುವ ವಸ್ತುವಿನ ಹೆಸರನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು ಅನ್ನೋದು. ಮಿಕ್ಕಿದ್ದು ಅಭ್ಯಾಸ.

ಕ್ರಿಯಾಪದದ ಬಾಲಕ್ಕೆ ಅಪ್, ಆಫ್, ಔಟ್, ಡೌನ್, ಆನ್ ತರಹದ ಚಿಕ್ಕ ಪದ ಸೇರಿಕೊಂಡು ಹೊಸ ಅರ್ಥ ಹುಟ್ಟಿದರೆ ಅದನ್ನು ಫ್ರೇಸಲ್ ವರ್ಬ್ ಅನ್ನುತ್ತಾರೆ. ಗಿವ್ ಅಂದರೆ ಕೊಡು, ಗಿವ್ ಅಪ್ ಅಂದರೆ ಕೈಬಿಡು. ಟರ್ನ್ ಅಂದರೆ ತಿರುಗು, ಟರ್ನ್ ಡೌನ್ ಅಂದರೆ ಬೇಡ ಅನ್ನು. ಇದು ನಮಗೆ ಮಾತ್ರ ಕಷ್ಟ ಅಂದುಕೊಳ್ಳಬೇಡಿ. 1755ರಲ್ಲಿ ತಮ್ಮ ದೊಡ್ಡ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಈ ಮಾತು ಹೇಳಿದ್ದಾರೆ. ಹೊರಗಿನವರಿಗೆ ನಮ್ಮ ಭಾಷೆಯಲ್ಲಿ ಅತಿ ಹೆಚ್ಚು ಕಷ್ಟ ಕೊಡುವುದು ಕ್ರಿಯಾಪದದ ಹಿಂದೆ ಅಂಟಿಸುವ ಈ ಚಿಕ್ಕ ಪದಗಳೇ ಅಂತ. ಫ್ರೇಸಲ್ ವರ್ಬ್ ಅನ್ನೋ ಹೆಸರು ಬಂದದ್ದು ತುಂಬ ಆಮೇಲೆ, 1920ರ ದಶಕದಲ್ಲಿ. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ. ಅಂದರೆ ಇಂಗ್ಲಿಷರು ಇದಕ್ಕೆ ಹೆಸರಿಡುವ ಮುಂಚೆ ಶತಮಾನಗಳ ಕಾಲ ಸುಮ್ನೆ ಬಳಸಿಕೊಂಡೇ ಇದ್ದರು.

ನಮ್ಮಲ್ಲೂ ಹಾಗೇ ಅಲ್ವಾ? ‘ಎತ್ತು’ ಅನ್ನೋ ಕನ್ನಡ ಕ್ರಿಯಾಪದವನ್ನೇ ನೋಡಿ. ಮಗುವನ್ನು ಎತ್ತುತ್ತೇವೆ, ಸರಿ. ಚೀಟಿಯನ್ನೂ ಎತ್ತುತ್ತೇವೆ. ಮದುವೆಯ ಮಾತು ಎತ್ತುತ್ತೇವೆ. ಅನ್ಯಾಯದ ವಿರುದ್ಧ ದನಿ ಎತ್ತುತ್ತೇವೆ. ಚಂದಾ ಎತ್ತುತ್ತೇವೆ. ಗ್ಯಾರಂಟಿ ಹಾಕುತ್ತೇನೆ ಅಂದಿದ್ದ ನೆಂಟ ಬ್ಯಾಂಕಿನ ಬಾಗಿಲಿಗೆ ಬಂದ ಮೇಲೆ ಕೈ ಎತ್ತಿಬಿಡುತ್ತಾನೆ. ಇದನ್ನೆಲ್ಲ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಕೇಳಿ ಕೇಳಿ ಬಂತು. ಈ ರೀತಿ ಕೇಳಿ ಕೇಳಿ ಬರುವುದಕ್ಕೇ ಇಂಗ್ಲಿಷಿನಲ್ಲಿ ಪಿಕ್ ಅಪ್ ಅನ್ನುತ್ತಾರೆ. ಆ ಅರ್ಥಕ್ಕೆ ಆಮೇಲೆ ಬರೋಣ.

ಬಾಕ್ಸ್ ಎತ್ತುವುದರಿಂದ ಶುರು

ಮಂಡಿಯಲ್ಲಿ ಬಾಕ್ಸ್ ಎತ್ತುವ ಹಮಾಲಿಯ ಕೈಯನ್ನು ಗಮನಿಸಿ. ಪ್ಲಾಸ್ಟಿಕ್ ಬಾಕ್ಸ್ ನೆಲದ ಮೇಲಿದೆ. ಹಣ್ಣು ತುಂಬಿದರೆ 15 ಕೆಜಿ ಲೆಕ್ಕ. ಬಗ್ಗಿ, ಎರಡೂ ಕಡೆಯ ಹಿಡಿಗೆ ಬೆರಳು ಹಾಕಿ, ಒಂದೇ ಏಟಿಗೆ ಎದೆಮಟ್ಟಕ್ಕೆ ತರುತ್ತಾನೆ. ಈಗ ಬಾಕ್ಸ್ ನೆಲದ ಮೇಲಿಲ್ಲ, ಅವನ ಹತ್ತಿರ ಇದೆ. ಇದೇ ಪಿಕ್ ಅಪ್‌ನ ಮೂಲ ಅರ್ಥ. ಇದರಲ್ಲಿ ಎರಡು ಸಂಗತಿ ಇವೆ. ಕೆಳಗಿದ್ದದ್ದು ಮೇಲೆ ಬಂತು. ಎಲ್ಲೋ ಬಿದ್ದಿದ್ದದ್ದು ಕೈಗೆ ಬಂತು. ಪಿಕ್ ಅಪ್‌ನ ಅರ್ಥಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ಹಿಡಿದು ಹೊರಟಿವೆ. ಇದೊಂದು ತಲೆಯಲ್ಲಿದ್ದರೆ ಪಟ್ಟಿ ಉರು ಹೊಡೆಯುವ ಕೆಲಸ ಅರ್ಧಕ್ಕರ್ಧ ಕಡಿಮೆ.

‘ಕೈಗೆ ಬಂತು’ ಅನ್ನೋ ದಾರಿಯನ್ನು ಮೊದಲು ಹಿಡಿಯೋಣ. ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುವ ತಂಗಿಯನ್ನು ಗಾಡಿಯಲ್ಲಿ ಹತ್ತಿಸಿಕೊಂಡರೆ ‘ಐ ಪಿಕ್ಡ್ ಹರ್ ಅಪ್’. ದಾರಿಯಲ್ಲಿ ಒಂದು ಪ್ಯಾಕೆಟ್ ಹಾಲು ತಗೊಂಡರೆ ‘ಐ ಪಿಕ್ಡ್ ಅಪ್ ಸಮ್ ಮಿಲ್ಕ್’. ಇದರಲ್ಲಿ ಒಂದು ಸೂಕ್ಷ್ಮ ಇದೆ. ಹೋಗುತ್ತಾ ಬರುತ್ತಾ ಸಲೀಸಾಗಿ ತಗೊಂಡದ್ದಕ್ಕೆ ಮಾತ್ರ ಇದು ಒಪ್ಪುತ್ತದೆ. ಬಂಗಾರಪೇಟೆಯಲ್ಲಿ ಇಳಿದು ಮನೆಗೆ ಪಾನಿಪುರಿ ಕಟ್ಟಿಸಿಕೊಂಡರೆ ಪಿಕ್ ಅಪ್ ಸರಿ. ಸಾಲ ಮಾಡಿ, ರಿಜಿಸ್ಟ್ರೇಶನ್ ಮಾಡಿಸಿ, ಸೈಟ್ ಕೊಂಡರೆ ಅದು ಬೈ. ಸೈಟನ್ನು ‘ಪಿಕ್ಡ್ ಅಪ್’ ಅಂದರೆ ಕೇಳಿದವರು ನಿಮ್ಮನ್ನು ಭಾರೀ ಕುಳ ಅಂದುಕೊಳ್ಳುತ್ತಾರೆ.

ಪೊಲೀಸರು ಯಾರನ್ನಾದರೂ ಹಿಡಿದುಕೊಂಡು ಹೋದರೂ ಇದೇ ಮಾತು. ‘ದ ಪೊಲೀಸ್ ಪಿಕ್ಡ್ ಹಿಮ್ ಅಪ್.’ ನಮ್ಮ ಕಡೆ ‘ಎತ್ತಾಕ್ಕೊಂಡು ಹೋದ್ರು’ ಅನ್ನುತ್ತಾರಲ್ಲ, ಪಕ್ಕಾ ಅದೇ. ಹೋಟೆಲಿನಲ್ಲಿ ಬಿಲ್ ಒಬ್ಬರೇ ಕೊಟ್ಟರೆ ‘ಹಿ ಪಿಕ್ಡ್ ಅಪ್ ದ ಬಿಲ್’. ಟೇಬಲ್ ಮೇಲೆ ಇಟ್ಟ ಬಿಲ್ಲಿಗೆ ಯಾರ ಕೈ ಮೊದಲು ಹೋಗುತ್ತದೋ ಅವರದ್ದೇ ಖರ್ಚು.

ಇನ್ನು ಕಾಯಿಲೆ. ಶೀತ, ಹೊಟ್ಟೆ ಕೆಡಿಸುವ ಸೋಂಕು, ಜ್ವರ ಇಂಥ ಅಂಟುವ ಕಾಯಿಲೆಗಳಿಗೆ ‘ಐ ಪಿಕ್ಡ್ ಅಪ್ ಎ ಕೋಲ್ಡ್’ ಅನ್ನಬಹುದು. ಇಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎದುರುಬದುರು ನಿಂತಿವೆ. ಕನ್ನಡದಲ್ಲಿ ಶೀತ ನಮ್ಮನ್ನು ಹಿಡಿಯುತ್ತದೆ, ಇಂಗ್ಲಿಷಿನಲ್ಲಿ ನಾವೇ ಹೋಗಿ ಅದನ್ನು ಎತ್ತಿಕೊಂಡು ಬರುತ್ತೇವೆ. ಹಾಗಂತ ಬಿಪಿ, ಶುಗರ್‌ಗೆಲ್ಲ ಇದನ್ನು ಹಚ್ಚಬಾರದು. ಅವು ಎಲ್ಲಿಂದಲೋ ಅಂಟಿಕೊಂಡು ಬಂದವಲ್ಲ.

ಹೇಳಿಕೊಡದೆ ಬಂದ ಭಾಷೆ

ಈಗ ತೆಲುಗಿನ ವಿಷಯ. ‘ಪಿಕ್ ಅಪ್’ ಮತ್ತು ‘ಲರ್ನ್’ ಎರಡಕ್ಕೂ ಕಲಿ ಅಂತಲೇ ಅರ್ಥ ಬರೆದುಕೊಂಡರೆ ವ್ಯತ್ಯಾಸ ತಪ್ಪಿಹೋಗುತ್ತದೆ. ಲರ್ನ್ ಅಂದರೆ ಮೇಷ್ಟ್ರು, ಪುಸ್ತಕ, ಪರೀಕ್ಷೆ ಇರಬಹುದು. ಪಿಕ್ ಅಪ್ ಅಂದರೆ ಹೇಳಿಕೊಡುವವರಿಲ್ಲ, ಕೂತು ಓದಿಲ್ಲ, ಆದರೂ ಬಂತು. ನಮ್ಮ ಜಿಲ್ಲೆಯ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಮುಳಬಾಗಿಲಿನಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗನಿಗೆ ತೆಲುಗು ಬರುತ್ತದೆ. ಯಾವಾಗ ಕಲಿತೆ ಅಂತ ಕೇಳಿದರೆ ಅವನಿಗೇ ಗೊತ್ತಿಲ್ಲ.

ಕೆಜಿಎಫ್‌ನಲ್ಲಿ ಇದು ಇನ್ನೂ ಜೋರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನದ ಗಣಿ ಕೆಲಸ ಹಿಡಿದ ಮೇಲೆ ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ಕೂಲಿಗಳು ಬಂದರು. ಮೇಲಧಿಕಾರಿಗಳಾಗಿ ಇಂಗ್ಲಿಷರು, ಜೊತೆಗೆ ಆಂಗ್ಲೋ ಇಂಡಿಯನ್ನರು. ಊರಿನ ಭಾಗಗಳ ಹೆಸರೇ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. 2001ರಲ್ಲಿ ಗಣಿ ಮುಚ್ಚಿತು, ಭಾಷೆಗಳು ಮುಚ್ಚಲಿಲ್ಲ. ಈಗಲೂ ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅಂತ ಬೆಳೆಯುವ ಮಕ್ಕಳು ಅಲ್ಲಿದ್ದಾರೆ. ಅಂಥವರ ಬಗ್ಗೆ ಬರೆಯುವಾಗ ‘ದೆ ಪಿಕ್ಡ್ ಅಪ್ ಫೋರ್ ಲ್ಯಾಂಗ್ವೇಜಸ್’ ಅನ್ನೋದೇ ಸರಿಯಾದ ಮಾತು. ಲರ್ನ್ಡ್ ಅಂದರೆ ತಪ್ಪೇನಲ್ಲ, ಆದರೆ ಬೀದಿಯಲ್ಲಿ ಬಂದದ್ದೋ ಕ್ಲಾಸಿನಲ್ಲಿ ಬಂದದ್ದೋ ಅನ್ನೋದು ಅದರಲ್ಲಿ ಗೊತ್ತಾಗುವುದಿಲ್ಲ.

ಇಂಟರ್‌ವ್ಯೂನಲ್ಲಿ ‘ಯು ವಿಲ್ ಪಿಕ್ ಇಟ್ ಅಪ್’ ಅಂದರೂ ಇದೇ ಅರ್ಥ. ಕೆಲಸ ಮಾಡುತ್ತಾ ಮಾಡುತ್ತಾ ನಿಮಗೇ ಬರುತ್ತದೆ, ಯೋಚಿಸಬೇಡಿ ಅಂತ. ಒಳ್ಳೆಯ ಮಾತೇ. ಒಳ್ಳೆಯದು ಮಾತ್ರ ಅಲ್ಲ, ಕೆಟ್ಟ ಚಟಗಳನ್ನೂ ಹೀಗೇ ಪಿಕ್ ಅಪ್ ಮಾಡುತ್ತಾರೆ. ಬೈಗುಳವನ್ನಂತೂ ಎಲ್ಲರೂ ಹೀಗೇ ಕಲಿಯುವುದು. ಹೊಸ ಊರಿನಲ್ಲಿ ಮೊದಲು ಬರುವ ನಾಲ್ಕು ಪದಗಳಲ್ಲಿ ಎರಡು ಅವೇ.

ಕಣ್ಣಿಗೆ ಕಾಣದ್ದನ್ನು ಉಪಕರಣ ಹಿಡಿದುಕೊಂಡರೂ ಪಿಕ್ ಅಪ್. ರೇಡಿಯೊ ಸ್ಟೇಷನ್ ಹಿಡಿಯಿತು, ಮೈಕ್ ಹಿಂದಿನ ಗಲಾಟೆಯನ್ನೂ ಹಿಡಿಯಿತು, ಇವೆಲ್ಲ ‘ಪಿಕ್ಡ್ ಅಪ್’. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಮತ್ತೆ ಕೆಜಿಎಫ್‌ಗೇ ಹೋಗಬಹುದು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ಉಪಕರಣ ಇಟ್ಟಿದ್ದರು. ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ನ್ಯೂಟ್ರಿನೊ ಅನ್ನೋ ಕಣಗಳು ಹುಟ್ಟುತ್ತವೆ. ಇಡೀ ಭೂಮಿಯನ್ನೇ ತೂರಿಕೊಂಡು ಹೋಗುವ ಕಣಗಳು ಇವು. ಮಿಕ್ಕ ಗದ್ದಲವನ್ನೆಲ್ಲ ಮೇಲಿನ ಬಂಡೆ ತಡೆಯಲಿ ಅಂತಲೇ ಅಷ್ಟು ಆಳಕ್ಕೆ ಹೋದದ್ದು. 1965ರಲ್ಲಿ ಅವುಗಳ ಗುರುತು ಸಿಕ್ಕಿತು. ಜಗತ್ತಿನಲ್ಲಿ ಇಂಥ ಗುರುತು ಮೊದಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಗಣಿಯೂ ಒಂದು. ಅದೇ 1965ರಲ್ಲಿ, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಗೌರಿಬಿದನೂರಿನಲ್ಲಿ ಭೂಕಂಪದ, ನೆಲದೊಳಗಿನ ಅಣುಸ್ಫೋಟದ ಕಂಪನ ಹಿಡಿಯುವ ಕೇಂದ್ರವೂ ಶುರುವಾಯಿತು. ಎರಡೂ ಕಡೆ ಉಪಕರಣದ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳುವುದು ಒಂದೇ ಮಾತಿನಲ್ಲಿ. ‘ಇಟ್ ಪಿಕ್ಡ್ ಅಪ್ ಎ ಸಿಗ್ನಲ್.’

ಮನುಷ್ಯರು ಹೀಗೆ ಹಿಡಿದರೆ ಜೊತೆಗೆ ಇನ್ನೊಂದು ಬಾಲ ಸೇರುತ್ತದೆ, ‘ಪಿಕ್ ಅಪ್ ಆನ್’. ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಗಮನಿಸುವುದು ಅಂತ. ಅಳಿಯನಿಗೆ ಸಾರು ಹಿಡಿಸಿಲ್ಲ, ಏನೂ ಹೇಳಲಿಲ್ಲ, ಆದರೂ ಅತ್ತೆಗೆ ಗೊತ್ತಾಯಿತು. ಅತ್ತೆ ‘ಪಿಕ್ಡ್ ಅಪ್ ಆನ್ ಇಟ್’.

ರೇಟು ಮೇಲೆ ಬಂದಾಗ

ಎರಡನೇ ದಾರಿ ‘ಮೇಲೆ ಬಂತು’ ಅನ್ನೋದು. ಇಲ್ಲಿ ಎತ್ತುವವರು ಯಾರೂ ಇಲ್ಲ, ತಾನಾಗಿಯೇ ಏಳುತ್ತದೆ. ‘ಬಿಸಿನೆಸ್ ಈಸ್ ಪಿಕಿಂಗ್ ಅಪ್’ ಅಂದರೆ ಮಲಗಿದ್ದ ವ್ಯಾಪಾರ ಚೇತರಿಸಿಕೊಳ್ಳುತ್ತಿದೆ. ಗಾಳಿ ಜೋರಾದರೆ ‘ದ ವಿಂಡ್ ಪಿಕ್ಡ್ ಅಪ್’. ಬಂಗಾರಪೇಟೆ ಜಂಕ್ಷನ್ ಬಿಟ್ಟ ರೈಲು ವೇಗ ಹಿಡಿದರೆ ‘ಇಟ್ ಪಿಕ್ಡ್ ಅಪ್ ಸ್ಪೀಡ್’. ನಮ್ಮ ಬೈಕಿನ ಪಿಕಪ್ ಈ ವೇಗದ ಮಾತಿನ ಸಂಬಂಧಿಯೇ. ನಿಘಂಟಿನಲ್ಲೂ ಆ ಅರ್ಥ ಇದೆ. ಆದರೆ ಹೊರದೇಶದವರ ಎದುರು ಬೈಕಿನ ವಿಷಯ ಮಾತಾಡುವಾಗ ಆಕ್ಸಿಲರೇಶನ್ ಅನ್ನೋದು ಜಾಸ್ತಿ ಸಲೀಸು.

ಟೊಮೆಟೊ ರೇಟಿಗೆ ಇದನ್ನು ಬಳಸುವಾಗ ಸ್ವಲ್ಪ ನೋಡಿಕೊಂಡು ಬಳಸಬೇಕು. ಕೋಲಾರದ ರೈತರು ಎರಡು ತುದಿಯನ್ನೂ ಕಂಡವರು. ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದೂ ಇದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ರೂಪಾಯಿ ದಾಟಿದ್ದೂ ಇದೆ. ನೆಲ ಕಚ್ಚಿದ್ದ ರೇಟು ನಿಧಾನಕ್ಕೆ ಮೇಲೆ ಬರುತ್ತಿದ್ದರೆ, ಹರಾಜಿನಲ್ಲಿ ನಿನ್ನೆಗಿಂತ ಇವತ್ತು ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತಿದ್ದರೆ, ಅದು ‘ಪ್ರೈಸಸ್ ಆರ್ ಪಿಕಿಂಗ್ ಅಪ್’. ಆ ಜುಲೈನಲ್ಲಿ ಆದ ಹಾಗೆ ಆಕಾಶಕ್ಕೆ ಹಾರಿದರೆ ಪಿಕ್ ಅಪ್ ಸಾಲದು. ಅದಕ್ಕೆ ‘ಶಾಟ್ ಅಪ್’ ಅನ್ನೋ ಬೇರೆ ಮಾತೇ ಇದೆ. ಪಿಕ್ ಅಪ್‌ನಲ್ಲಿ ಒಂದು ಸುಧಾರಿಸಿಕೊಳ್ಳುವ ಭಾವ ಇದೆ. ಬಿದ್ದವರು ಎದ್ದು ನಿಂತ ಹಾಗೆ. ಬಿದ್ದ ಮನುಷ್ಯ ತಾನೇ ಎದ್ದರೂ ‘ಹಿ ಪಿಕ್ಡ್ ಹಿಮ್‌ಸೆಲ್ಫ್ ಅಪ್’ ಅಂತಲೇ ಹೇಳುವುದು.

ನಿಲ್ಲಿಸಿದ ಕೆಲಸವನ್ನು ಮತ್ತೆ ಶುರು ಮಾಡುವುದೂ ಇದರಲ್ಲೇ ಬರುತ್ತದೆ. ‘ಲೆಟ್ ಅಸ್ ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್.’ ಮೀಟಿಂಗ್‌ಗಳಲ್ಲಿ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಬಿಟ್ಟ ಕಡೆಯಿಂದ ಮತ್ತೆ ಹಿಡಿಯೋಣ ಅಂತ, ಅಷ್ಟೇ.

ಅಪ್ ಬಿಟ್ಟರೆ ಏನಾಗುತ್ತದೆ

ಫೋನ್ ‘ಪಿಕ್ ಮಾಡು’ ಅನ್ನೋದು ಕನ್ನಡದಲ್ಲಿ ನೆಲೆಯೂರಿಬಿಟ್ಟಿದೆ. ಕನ್ನಡದಲ್ಲಿ ಹಾಗೇ ಇರಲಿ, ಅದಕ್ಕೇನೂ ತೊಂದರೆ ಇಲ್ಲ. ಆದರೆ ಇಂಗ್ಲಿಷ್ ಮಾತಾಡುವಾಗ ‘ಹಿ ಡಿಡ್ ನಾಟ್ ಪಿಕ್ ದ ಫೋನ್’ ಅಂದರೆ ಅರ್ಥ ಬೇರೆ ಆಗುತ್ತದೆ. ಬರೀ ಪಿಕ್ ಅಂದರೆ ಆರಿಸು, ಇಲ್ಲವೇ ಕೀಳು. ಹೂ ಕೀಳುವುದು ಪಿಕ್. ಗಿಡದಿಂದ ಟೊಮೆಟೊ ಬಿಡಿಸುವುದು ಪಿಕ್. ನಾಲ್ಕು ಸೀರೆಗಳಲ್ಲಿ ಒಂದನ್ನು ಆರಿಸುವುದು ಪಿಕ್. ಹಾಗಾಗಿ ಅಪ್ ಇಲ್ಲದ ಆ ವಾಕ್ಯವನ್ನು ಕೇಳಿದ ಹೊರದೇಶದವರಿಗೆ ಅಂಗಡಿಯಲ್ಲಿ ಅವನು ಆ ಫೋನನ್ನು ಆರಿಸಲಿಲ್ಲ ಅನ್ನಿಸಬಹುದು. ಸರಿಯಾದದ್ದು ‘ಹಿ ಡಿಡ್ ನಾಟ್ ಪಿಕ್ ಅಪ್’. ಇಷ್ಟೇ ಸಾಕು, ಫೋನ್ ಅನ್ನೋದನ್ನು ಹೇಳಲೇಬೇಕು ಅಂತಿಲ್ಲ. ಹಳೇ ಲ್ಯಾಂಡ್‌ಲೈನ್ ಕಾಲದಲ್ಲಿ ರಿಸೀವರನ್ನು ನಿಜವಾಗಿಯೂ ಎತ್ತಬೇಕಿತ್ತು. ಈಗ ಬೆರಳು ಸವರುತ್ತೇವೆ. ಮಾತು ಮಾತ್ರ ಎರಡೂ ಭಾಷೆಯಲ್ಲಿ ಎತ್ತುವುದರಲ್ಲೇ ಉಳಿದಿದೆ.

ತೋಟದ ಕೆಲಸದಲ್ಲಿ ಎರಡೂ ಒಟ್ಟಿಗೆ ಬರುತ್ತವೆ, ಅಲ್ಲಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹೆಂಗಸರು ಬೆಳಗ್ಗೆ ಹಣ್ಣು ಬಿಡಿಸುತ್ತಾರೆ, ‘ದೆ ಪಿಕ್ ದ ಟೊಮೆಟೋಸ್’. ಬಾಕ್ಸಿಗೆ ತುಂಬುವಾಗ ಒಂದಷ್ಟು ನೆಲಕ್ಕೆ ಉರುಳುತ್ತವೆ, ಅವನ್ನು ಆಯ್ದುಕೊಳ್ಳುತ್ತಾರೆ, ‘ದೆ ಪಿಕ್ ಅಪ್ ದ ಟೊಮೆಟೋಸ್’. ಮಧ್ಯಾಹ್ನ ಗಾಡಿ ಬಂದು ಬಾಕ್ಸ್ ತುಂಬಿಕೊಂಡು ಹೋಗುತ್ತದೆ, ‘ದ ಡ್ರೈವರ್ ಪಿಕ್ಸ್ ಅಪ್ ದ ಬಾಕ್ಸಸ್’. ಒಂದು ಚಿಕ್ಕ ಅಪ್ ಇದೆಯೋ ಇಲ್ಲವೋ ಅನ್ನೋದರ ಮೇಲೆ ಹಣ್ಣು ಗಿಡದಲ್ಲಿತ್ತೋ ನೆಲದಲ್ಲಿತ್ತೋ ಅನ್ನೋದು ನಿಂತಿದೆ.

ಮಧ್ಯದಲ್ಲಿ ಇಡಬೇಕಾದದ್ದು

ಈಗ ಎಲ್ಲರೂ ಎಡವುವ ಜಾಗ. ವಾಟ್ಸಾಪ್‌ನಲ್ಲಿ ‘ಪ್ಲೀಸ್ ಪಿಕಪ್ ಮಿ’ ಅನ್ನೋ ಮೆಸೇಜ್ ನೀವು ನೋಡಿಯೇ ಇರುತ್ತೀರಿ. ಅರ್ಥವೇನೋ ಆಗುತ್ತದೆ, ಗಾಡಿಯೂ ಬರುತ್ತದೆ. ಆದರೆ ಅದರಲ್ಲಿ ಎರಡು ತಪ್ಪಿವೆ. ಪಿಕಪ್ ಅಂತ ಸೇರಿಸಿ ಬರೆದರೆ ಅದು ನಾಮಪದ. ಕ್ರಿಯಾಪದವಾದರೆ ಎರಡು ಪದ, ಮಧ್ಯೆ ಜಾಗ ಬಿಡಬೇಕು. ಎರಡನೆಯದು ದೊಡ್ಡದು. ‘ಮಿ’ ಕೊನೆಯಲ್ಲಿ ಬರುವಂತಿಲ್ಲ. ‘ಪಿಕ್ ಮಿ ಅಪ್’ ಅಂತ ಮಧ್ಯದಲ್ಲೇ ಕೂರಬೇಕು.

ನಿಯಮ ಇಷ್ಟು. ವಸ್ತುವಿನ ಹೆಸರನ್ನೇ ಹೇಳಿದರೆ ಎರಡು ಕಡೆಯೂ ಇಡಬಹುದು. ‘ಪಿಕ್ ಅಪ್ ದ ಬಾಕ್ಸ್’ ಸರಿ, ‘ಪಿಕ್ ದ ಬಾಕ್ಸ್ ಅಪ್’ ಕೂಡ ಸರಿ. ಹೆಸರಿನ ಬದಲು ಇಟ್, ಹಿಮ್, ಹರ್, ಮಿ, ದೆಮ್ ಬಂದರೆ ಮಧ್ಯದಲ್ಲಿ ಮಾತ್ರ. ‘ಪಿಕ್ ಇಟ್ ಅಪ್’ ಸರಿ, ‘ಪಿಕ್ ಅಪ್ ಇಟ್’ ತಪ್ಪು. ಇನ್ನು ವಸ್ತುವಿನ ವಿವರ ಉದ್ದ ಇದ್ದರೆ ಕೊನೆಗೆ ತಳ್ಳುವುದೇ ವಾಸಿ. ‘ಶ್ರೀನಿವಾಸಪುರದ ಡ್ರೈವರ್ ಬೆಳಗ್ಗೆ ಗೇಟಿನ ಪಕ್ಕ ಇಳಿಸಿಹೋದ ಖಾಲಿ ಬಾಕ್ಸ್‌ಗಳು’ ಅನ್ನೋದನ್ನೆಲ್ಲ ಇಂಗ್ಲಿಷಿನಲ್ಲಿ ಪಿಕ್‌ಗೂ ಅಪ್‌ಗೂ ಮಧ್ಯೆ ತುರುಕಿದರೆ, ಅಪ್ ಬರುವ ಹೊತ್ತಿಗೆ ಕೇಳುವವರು ಪಿಕ್ ಅನ್ನೇ ಮರೆತಿರುತ್ತಾರೆ.

ಯಾಕೆ ಹೀಗೆ? ಇಂಗ್ಲಿಷ್ ವಾಕ್ಯದ ಕೊನೆ ಸಾಮಾನ್ಯವಾಗಿ ಹೊಸ ವಿಷಯದ ಜಾಗ. ಒತ್ತು ಬೀಳುವುದು ಅಲ್ಲೇ. ‘ಇಟ್’ ಅಂದರೆ ಆಗಲೇ ಮಾತಾಡಿದ, ಕೇಳುವವರಿಗೆ ಗೊತ್ತಿರುವ ವಸ್ತು. ಹಳೇ ವಿಷಯ. ಅದನ್ನು ಕೊನೆಯಲ್ಲಿ ಕೂರಿಸಿ ಒತ್ತಿ ಹೇಳುವುದರಲ್ಲಿ ಹುರುಳಿಲ್ಲ. ಅದಕ್ಕೇ ಮಧ್ಯದಲ್ಲಿ ಮೆಲ್ಲಗೆ ನುಸುಳಿಸಿ, ಒತ್ತನ್ನು ಅಪ್‌ಗೆ ಕೊಡುತ್ತಾರೆ. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಲು ಕಾರಣ ಇದೆ. ನಮ್ಮಲ್ಲಿ ‘ಅದನ್ನ ಎತ್ತು’ ಅಂದರೂ ಸೈ, ‘ಎತ್ತು ಅದನ್ನ’ ಅಂದರೂ ಸೈ. ‘ಅನ್ನು’ ಅನ್ನೋ ಪ್ರತ್ಯಯ ಅಂಟಿಕೊಂಡಿರುವುದರಿಂದ ಯಾವುದನ್ನು ಎತ್ತಬೇಕು ಅನ್ನೋದು ಎಲ್ಲಿಟ್ಟರೂ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ಪದ ಕೂತ ಜಾಗವೇ ಅದರ ಕೆಲಸವನ್ನು ಹೇಳಬೇಕು.

ಎಲ್ಲ ಫ್ರೇಸಲ್ ವರ್ಬ್‌ಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ, ಅದೇ ತಲೆನೋವು. ಟರ್ನ್ ಡೌನ್, ಪುಟ್ ಆಫ್, ಸ್ವಿಚ್ ಆನ್ ಬಿಚ್ಚಿಕೊಳ್ಳುತ್ತವೆ. ಲುಕ್ ಆಫ್ಟರ್ ಬಿಚ್ಚಿಕೊಳ್ಳುವುದಿಲ್ಲ. ‘ಲುಕ್ ಆಫ್ಟರ್ ಹಿಮ್’ ಅನ್ನಬೇಕು, ‘ಲುಕ್ ಹಿಮ್ ಆಫ್ಟರ್’ ಆಗುವುದಿಲ್ಲ. ಉರು ಹೊಡೆಯುವ ಬದಲು ಒಂದು ಸುಲಭದ ದಾರಿ ಇದೆ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ‘ಸಮ್‌ಥಿಂಗ್’ ಅನ್ನೋ ಪದವನ್ನು ಎಲ್ಲಿಟ್ಟಿದ್ದಾರೆ ಅಂತ ನೋಡಿ. ‘ಪಿಕ್ ಸಮ್‌ಥಿಂಗ್ ಅಪ್’ ಅಂತ ಮಧ್ಯದಲ್ಲಿದ್ದರೆ ಅದು ಬಿಚ್ಚಿಕೊಳ್ಳುವ ಜಾತಿ. ಕೆಲವು ನಿಘಂಟುಗಳಲ್ಲಿ ಎರಡು ಕಡೆ ಮೂತಿ ಇರುವ ಚಿಕ್ಕ ಬಾಣವನ್ನೂ ಹಾಕಿರುತ್ತಾರೆ. ಆ ಬಾಣ ಇದ್ದರೆ ಹೆಸರನ್ನು ಅತ್ತಿತ್ತ ಸರಿಸಬಹುದು ಅಂತ. ಬಿಚ್ಚಿಕೊಳ್ಳುವ ಜಾತಿಯಲ್ಲೂ ಕೆಲವು ಜೋಡಿಗಳು ಗಟ್ಟಿಯಾಗಿವೆ. ‘ಪಿಕ್ ಅಪ್ ಸ್ಪೀಡ್’ ಅನ್ನುತ್ತಾರೆ, ‘ಪಿಕ್ ಸ್ಪೀಡ್ ಅಪ್’ ಅನ್ನೋದು ಕಿವಿಗೆ ಬೀಳುವುದೇ ಅಪರೂಪ.

ಕಿವಿಗೆ ಹೇಗೆ ಬೀಳುತ್ತದೆ ಅನ್ನೋದೂ ಮುಖ್ಯ. ಗಾಡಿಯ ಪಿಕಪ್ ಅನ್ನುವಾಗ ಒತ್ತು ಮೊದಲ ಭಾಗದ ಮೇಲೆ, ‘ಪಿಕ್’ ಮೇಲೆ. ಕ್ರಿಯಾಪದವಾದರೆ ಒತ್ತು ‘ಅಪ್’ ಕಡೆಗೆ ಹೋಗುತ್ತದೆ. ನಾವು ಎರಡನ್ನೂ ಒಂದೇ ಸಮ ಉಚ್ಚರಿಸುತ್ತೇವೆ. ಬ್ರೇಕ್‌ಡೌನ್, ಟೇಕಾಫ್, ಚೆಕ್ಔಟ್ ಎಲ್ಲದರಲ್ಲೂ ಇದೇ ಕಥೆ. ಅದಕ್ಕಿಂತ ಕಷ್ಟ ಕೇಳಿಸಿಕೊಳ್ಳುವುದು. ಅವರು ಪದಗಳನ್ನು ಬಿಡಿಬಿಡಿಯಾಗಿ ಹೇಳುವುದಿಲ್ಲ. ‘ಪಿಕ್ ಇಟ್ ಅಪ್’ ಅನ್ನೋದು ‘ಪಿಕಿಟಪ್’ ಆಗುತ್ತದೆ. ‘ಪಿಕ್ಡ್ ಹರ್ ಅಪ್’ ಅನ್ನೋದು ‘ಪಿಕ್ಟರಪ್’. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟಿದವರು ಈ ಎರಡನ್ನು ಮೊದಲು ಕೇಳಿ ಕಲಿಸಿಕೊಳ್ಳಿ. ಕನ್ನಡದ ಕಿವಿಗೆ ಇದು ಕಷ್ಟ ಆಗಬಾರದು. ‘ಎತ್ತಿ ಹಾಕಿಕೊಂಡು’ ಅನ್ನೋದನ್ನು ‘ಎತ್ತಾಕ್ಕೊಂಡು’ ಮಾಡಿದವರು ನಾವು.

ಸ್ಪೆಲಿಂಗ್ ಬಗ್ಗೆ ಒಂದು ಮಾತು. ನಮ್ಮ ರಸ್ತೆಗಳಲ್ಲಿ ಓಡಾಡುವ ಬೊಲೆರೊ ಗಾಡಿಯ ಹೆಸರಿನಲ್ಲಿ ‘ಪಿಕ್’ಗೆ ಸಿ ಅಕ್ಷರವೇ ಇಲ್ಲ. ಅದು ಕಂಪನಿ ಇಟ್ಟುಕೊಂಡ ಹೆಸರು. ಪರೀಕ್ಷೆಯಲ್ಲಿ ಅದನ್ನು ನೋಡಿಕೊಂಡು ಬರೆದರೆ ಮಾರ್ಕ್ಸ್ ಹೋಗುತ್ತದೆ.

ಒಂದು ಎಚ್ಚರಿಕೆ, ಮತ್ತೆ ಡ್ರಾಪ್

ಪಿಕ್ ಅಪ್‌ಗೆ ಇನ್ನೊಂದು ಅರ್ಥ ಇದೆ, ಗೊತ್ತಿಲ್ಲದೆ ಬಳಸಿದರೆ ಮುಜುಗರ. ಪರಿಚಯ ಇಲ್ಲದ ಹೆಣ್ಣನ್ನೋ ಗಂಡನ್ನೋ ಮಾತಾಡಿಸಿ, ಬಲೆಗೆ ಬೀಳಿಸಿಕೊಂಡು ಜೊತೆಗೆ ಕರೆದುಕೊಂಡು ಹೋಗುವುದಕ್ಕೂ ಪಿಕ್ ಅಪ್ ಅನ್ನುತ್ತಾರೆ. ‘ಐ ಪಿಕ್ಡ್ ಅಪ್ ಎ ಗರ್ಲ್ ನಿಯರ್ ದ ಕ್ಲಾಕ್ ಟವರ್’ ಅಂತ ಕ್ಯಾಬ್ ಡ್ರೈವರ್ ಸಹಜವಾಗಿ ಹೇಳಿದರೂ ಕೇಳಿದವರ ಹುಬ್ಬು ಮೇಲೇರಬಹುದು. ಹೆಸರು ಹೇಳಿದರೆ, ಮೈ ಸಿಸ್ಟರ್ ಅಂತಲೋ ಎ ಪ್ಯಾಸೆಂಜರ್ ಅಂತಲೋ ಅಂದರೆ ಯಾವ ತೊಂದರೆಯೂ ಇಲ್ಲ. ಯಾರು ಅಂತ ಗೊತ್ತಾದರೆ ಯಾಕೆ ಅಂತಲೂ ಗೊತ್ತಾಗುತ್ತದೆ. ಇದರ ಪಕ್ಕದಲ್ಲೇ ಇರುವ ‘ಪಿಕ್ ಆನ್’ ಬೇರೆಯೇ ಸಂಗತಿ. ಒಬ್ಬರನ್ನೇ ಗುರಿ ಮಾಡಿಕೊಂಡು ಕಾಡುವುದು ಅಂತ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು ‘ಸರ್ ನನ್ನನ್ನೇ ಹಿಡ್ಕೊಂಡಿದಾರೆ’ ಅನ್ನುತ್ತಾನಲ್ಲ, ಅದು.

ಪಿಕಪ್ ಜೊತೆ ಡ್ರಾಪ್ ಇಲ್ಲದೆ ಹೋದರೆ ಮದುವೆಗೆ ಬಂದ ನೆಂಟರು ಸಿಟ್ಟಾಗುತ್ತಾರೆ. ಇಲ್ಲೂ ನಾವು ಬಾಲ ಕತ್ತರಿಸಿದ್ದೇವೆ. ಶಿಫ್ಟ್ ಮುಗಿಸಿದ ಹುಡುಗಿ ಬಸ್ ಡ್ರೈವರ್‌ಗೆ ಕನ್ನಡದಲ್ಲಿ ‘ಅಣ್ಣಾ, ಟಮಕದ ಹತ್ರ ಡ್ರಾಪ್ ಮಾಡಿ’ ಅನ್ನೋದು ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲೂ ‘ಡ್ರಾಪ್ ಮಿ ನಿಯರ್ ಟಮಕ’ ಅಂದರೆ ಅರ್ಥವಾಗುತ್ತದೆ. ಆದರೆ ಪಿಕ್ ಅಪ್‌ನ ನಿಜವಾದ ಜೋಡಿ ‘ಡ್ರಾಪ್ ಆಫ್’. ‘ಡ್ರಾಪ್ ಮಿ ಆಫ್ ನಿಯರ್ ಟಮಕ.’ ಇಲ್ಲೂ ‘ಮಿ’ ಮಧ್ಯದಲ್ಲೇ ಇದೆ, ಗಮನಿಸಿದಿರಾ? ಈ ಡ್ರಾಪ್ ಆಫ್‌ಗೂ ಬೇರೆ ಅರ್ಥಗಳಿವೆ. ಮಾರಾಟ ಇಳಿದರೆ ಅದೂ ಡ್ರಾಪ್ ಆಫ್. ತೂಕಡಿಸುತ್ತಾ ನಿದ್ದೆಗೆ ಜಾರಿದರೆ ಅದೂ ಡ್ರಾಪ್ ಆಫ್. ನೈಟ್ ಶಿಫ್ಟ್ ಮಾಡಿದವರು ‘ಐ ಡ್ರಾಪ್ಡ್ ಆಫ್ ಆನ್ ದ ಬಸ್’ ಅಂದರೆ ಬಸ್ಸಿನಿಂದ ಬಿದ್ದೆ ಅಂತ ಗಾಬರಿಯಾಗಬೇಡಿ. ನಿದ್ದೆ ಹತ್ತಿ, ಇಳಿಯಬೇಕಾದ ಸ್ಟಾಪ್ ದಾಟಿಹೋಗಿರುತ್ತದೆ, ಅಷ್ಟೇ.